ಜೆರಿಕೋ ಗೋಡೆ ಕಟ್ಟಿದ್ದು ಯಾರಿಗೆ ಹೆದರಿ?

"ಹತ್ತು ಸಾವಿರ ವರ್ಷದ ಹಿಂದೆಯೇ ಜೆರಿಕೋ ಜನ ಊರಿಗೆ ಕಲ್ಲಿನ ಗೋಡೆ ಕಟ್ಟಿದ್ದರಂತೆ. ಆಗ ಅವರಿಗೆ ಶತ್ರು ಯಾರಿದ್ದರು?" ಅಂತ ಕೇಳಿದ್ದೀರಿ. ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಹುಚ್ಚು ನನಗಿದೆ. ನನಗೆ ಸರಿ ಅನ್ನಿಸುವ ಉತ್ತರ: ಗುಡ್ಡದಿಂದ ನುಗ್ಗಿ ಬರುವ ಕೆಸರು ನೀರು.

ಬೈಬಲ್ಲಿನಲ್ಲಿ ಕೊಂಬು ಊದಿದಾಗ ಬಿದ್ದ ಯೆರಿಕೋ (ಇದೇ ಜೆರಿಕೋ) ಗೋಡೆ ಇದಲ್ಲ. ಆ ಕಥೆಯ ಕಾಲಕ್ಕೆ ಈ ಗೋಡೆ ಮಣ್ಣಿನಡಿ ಸೇರಿ ಸಾವಿರಾರು ವರ್ಷ ಆಗಿತ್ತು.

ಜಾಗದ ಹೆಸರು ಟೆಲ್ ಎಸ್-ಸುಲ್ತಾನ್. ಪ್ಯಾಲೆಸ್ಟೈನ್‌ನ ಪಶ್ಚಿಮ ದಂಡೆಯಲ್ಲಿದೆ, ಸಮುದ್ರ ಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗೆ. ಪಕ್ಕದಲ್ಲೇ ಒಂದು ನೀರಿನ ಬುಗ್ಗೆ. ಅದಕ್ಕೇ ಜನ ಅಲ್ಲಿ ನೆಲೆ ನಿಂತರು. ಬಿದ್ದ ಮನೆಯ ಮೇಲೇ ಮತ್ತೆ ಮನೆ ಕಟ್ಟುತ್ತಾ ಊರೇ ದಿಬ್ಬವಾಯಿತು. ಇದನ್ನು ನಗರ ಅಂತ ಕರೆಯುವವರಿದ್ದಾರೆ, ಅದು ಸ್ವಲ್ಪ ಜಾಸ್ತಿಯೇ ಆಯಿತು. ಇಡೀ ಊರು ಹೆಚ್ಚೆಂದರೆ ಹತ್ತು ಎಕರೆ.

1950ರ ದಶಕದಲ್ಲಿ ಬ್ರಿಟಿಷ್ ಪುರಾತತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್ ಇಲ್ಲಿ ಅಗೆಸಿದರು. ಸುಮಾರು 3.6 ಮೀಟರ್ ಎತ್ತರದ ಗೋಡೆ ಸಿಕ್ಕಿತು. ಅದರ ಹೊರಗೆ ಬಂಡೆಯಲ್ಲೇ ಕೊರೆದ, 8 ಮೀಟರಿಗೂ ಅಗಲದ ಕಂದಕ. ತಾಮ್ರ, ಕಬ್ಬಿಣ ಬಿಡಿ, ಆ ಜನರಿಗೆ ಮಡಕೆ ಮಾಡುವುದೂ ಗೊತ್ತಿರಲಿಲ್ಲ. ಕಲ್ಲಿನಿಂದಲೇ ಬಂಡೆ ಕೊರೆದಿದ್ದಾರೆ! ಕೆನ್ಯನ್ ಇದನ್ನು ಕೋಟೆ ಅಂತಲೇ ನಂಬಿದ್ದರು.

1986ರಲ್ಲಿ ಪುರಾತತ್ವಜ್ಞ ಓಫರ್ ಬಾರ್-ಯೋಸೆಫ್ ಬೇರೆ ಮಾತು ಹೇಳಿದರು: ಇದು ಕೋಟೆಯಲ್ಲ, ಕೆಸರು ನೀರು ತಡೆಯಲು ಕಟ್ಟಿದ್ದು. ಗೋಡೆ ಚೆನ್ನಾಗಿ ಕಾಣಿಸುವುದು ಪಶ್ಚಿಮಕ್ಕೆ, ಗುಡ್ಡದ ಹಳ್ಳಗಳು ಹರಿದು ಬರುವ ಕಡೆ. ಕಂದಕದಲ್ಲಿ ಹೂಳು ತುಂಬಿಕೊಂಡಿದೆ. ಜಗಳ ನಡೆದ ಗುರುತಿಲ್ಲ. ಇನ್ನು ಅಲ್ಲೊಂದು ಕಲ್ಲಿನ ಗೋಪುರವೂ ಇದೆ, ಅದು ಗೋಡೆಯ ಒಳಗಡೆ ನಿಂತಿದೆ. ಕಾವಲಿಗೆ ಕಟ್ಟುವವರು ಹೊರಕ್ಕೆ ಚಾಚುವಂತೆ ಕಟ್ಟುತ್ತಿದ್ದರು, ಅಲ್ವಾ?

ಆದರೆ ಆ ಗೋಪುರಕ್ಕೆ ಕೆಸರು ನೀರಿನ ಲೆಕ್ಕ ಹೊಂದುವುದಿಲ್ಲ. ಎಂಟೂವರೆ ಮೀಟರ್ ಎತ್ತರ, ಹೊಟ್ಟೆಯೊಳಗೆ 22 ಮೆಟ್ಟಿಲು. ಬಳಕೆ ನಿಂತ ಮೇಲೆ ಅದರ ದಾರಿಯಲ್ಲೇ ಹನ್ನೆರಡು ಹೆಣ ಇಟ್ಟಿದ್ದಾರೆ. 2011ರಲ್ಲಿ ರಾನ್ ಬರ್ಕಾಯ್ ಮತ್ತು ರಾಯ್ ಲಿರಾನ್ ಅನ್ನುವ ಸಂಶೋಧಕರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ವರ್ಷದ ಅತಿ ದೀರ್ಘ ಹಗಲು ಮುಗಿಯುವಾಗ ಪಕ್ಕದ ಬೆಟ್ಟದ ನೆರಳು ಮೊದಲು ಗೋಪುರದ ಮೇಲೆ ಬಿದ್ದು, ಆಮೇಲೆ ಊರಿಗೆಲ್ಲ ಹರಡುತ್ತಿತ್ತು ಅನ್ನುವುದು ಅವರ ವಾದ. ಕೇಳಲು ಸೊಗಸಾಗಿದೆ. ಆದರೆ ಗೋಪುರ ಎಲ್ಲಿದ್ದರೂ ಯಾವುದೋ ದಿನ ಯಾವುದೋ ನೆರಳು ಬಿದ್ದೇ ಬೀಳುತ್ತದೆ. ನಾನಂತೂ ಇನ್ನೂ ಒಪ್ಪಿಲ್ಲ.