ಸುಗ್ಗಿ ಹಬ್ಬದ ಏಲಂ ಲೆಕ್ಕ

(ಊರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಅವರಿಗೆ 56 ವರ್ಷ. ಚರ್ಚಿನ ಸಭೆಯ ಮಕ್ಕಳು ‘ಟೀಚರಕ್ಕ’ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಕರಾವಳಿಯ ಸಣ್ಣ ಊರೊಂದರಲ್ಲಿ 22 ವರ್ಷ ಸಂಡೇ ಸ್ಕೂಲ್ ನಡೆಸಿದವರು. ಯಾರಾದರೂ ಆಸ್ಪತ್ರೆ ಸೇರಿದರೆ ಗಂಜಿ ತೆಗೆದುಕೊಂಡು ಹೋಗುವವರು ಅವರೇ. ಸಾವಿನ ಮನೆಯಲ್ಲಿ ಕೊನೆಯವರೆಗೂ ಕೂರುವವರೂ ಅವರೇ.

ಸುಗ್ಗಿ ಹಬ್ಬದ ದಿನ ಜನ ಕಾಣಿಕೆಯಾಗಿ ತಂದ ತೆಂಗಿನಕಾಯಿ, ಬಾಳೆಗೊನೆ, ಕುಂಬಳಕಾಯಿ, ಕೋಳಿ ಎಲ್ಲವನ್ನೂ ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಏಲಂ ಹಾಕುತ್ತಾರೆ. ನೋಡಿದವರಿಗೆ ಗೊತ್ತು, ಗಲಾಟೆಯೋ ಗಲಾಟೆ. ಹುಮ್ಮಸ್ಸಿನಲ್ಲಿ ಒಂದು ತೆಂಗಿನಕಾಯಿ 500 ರೂಪಾಯಿಗೂ ಹೋಗುತ್ತದೆ. ‘ದುಡ್ಡು ಆಮೇಲೆ ಕೊಡ್ತೇನೆ’ ಅನ್ನುವವರೂ ಇರುತ್ತಾರೆ. ಆ ವರ್ಷ ಹಣ ಬರೆದುಕೊಳ್ಳುವ ಕೆಲಸ ಟೀಚರಕ್ಕನಿಗೆ ಬಿತ್ತು. ಕೊನೆಗೆ 1,850 ರೂಪಾಯಿ ಕಡಿಮೆ ಬಂತು. ವಾರ್ಷಿಕ ಸಭೆಯಲ್ಲಿ ಕಮಿಟಿಯ ಹಿರಿಯರೊಬ್ಬರು ಎದ್ದು, “ಬರೆದವರೇ ಹೇಳಬೇಕಲ್ಲ, ದುಡ್ಡು ಎಲ್ಲಿ ಹೋಯಿತು ಅಂತ” ಎಂದರು. ಯಾರೂ ತುಟಿ ಬಿಚ್ಚಲಿಲ್ಲ.

ಹತ್ತು ದಿನ ಕಳೆದ ಮೇಲೆ ಗೊತ್ತಾಯಿತು. ಎರಡು ಕೋಳಿ, ಒಂದು ಬಾಳೆಗೊನೆ ಒಯ್ದವರೊಬ್ಬರು ದುಡ್ಡು ಕೊಡಲು ಮರೆತಿದ್ದರು. ಲೆಕ್ಕ ಸರಿಹೋಯಿತು. ಕ್ಷಮೆ ಯಾರೂ ಕೇಳಲಿಲ್ಲ.

ಆಪ್ತಸಲಹೆಗೆಂದು ನನ್ನ ಹತ್ತಿರ ಬರುವಾಗ ಅವರು ಚರ್ಚಿಗೆ ಹೋಗದೆ ನಾಲ್ಕು ತಿಂಗಳಾಗಿತ್ತು. ಬೆಳಗಿನ ಜಾವ ಮೂರಕ್ಕೆ ಎಚ್ಚರ. ಊಟ ಸೇರುವುದಿಲ್ಲ. “ದುಡ್ಡಿನ ಮಾತು ಬಿಡಿ ಮೇಡಂ,” ಎಂದರು. “ಆ ಹಿರಿಯರ ಅಮ್ಮ ಹಾಸಿಗೆ ಹಿಡಿದಾಗ ಒಂದು ತಿಂಗಳು ರಾತ್ರಿ ಪಕ್ಕದಲ್ಲಿ ಕೂತವಳು ನಾನು.”

ಮೊದಲ ದಿನ ನಾನೊಂದು ತಪ್ಪು ಮಾಡಿದೆ. ಬೇಗ ಸಮಾಧಾನ ಮಾಡುವ ಆಸೆ, ಇನ್ನೇನು. ‘ನೀವು ಮಾಡಿದ್ದು ಮನುಷ್ಯರಿಗಲ್ಲ, ಕರ್ತನಿಗೆ’ ಎಂದುಬಿಟ್ಟೆ. ಅವರು ನನ್ನನ್ನೇ ನೋಡಿದರು. “ಆ ವಚನ ನನಗೂ ಗೊತ್ತು. 22 ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ.” ನಾನು ಸುಮ್ಮನಾದೆ. ಗಂಡ ಹೇಳಿದ್ದೂ ಅದನ್ನೇ, ಅಯ್ಯನವರು (ಪಾಸ್ಟರ್) ಹೇಳಿದ್ದೂ ಅದನ್ನೇ. ಮಾತು ಸುಳ್ಳಲ್ಲ. ಆದರೆ ಗಾಯ ನೋಡುವ ಮೊದಲೇ ಬ್ಯಾಂಡೇಜ್ ಸುತ್ತಿದ ಹಾಗಾಗುತ್ತದೆ, ಅಲ್ವಾ?

ಮುಂದಿನ ವಾರ ಪ್ರವಾದಿ ಎಲೀಯನ ಕಥೆ ತೆಗೆದೆವು, ಬೈಬಲಿನ 1 ಅರಸುಗಳು 19. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಕೆಲಸ ಮಾಡಿದವನು ಅಡವಿಯಲ್ಲಿ ಗಿಡದ ಕೆಳಗೆ ಕೂತು ಸಾವು ಬೇಡುತ್ತಾನೆ. ದೇವದೂತ ಅವನಿಗೆ ಉಪದೇಶ ಮಾಡುವುದಿಲ್ಲ. ರೊಟ್ಟಿ, ನೀರು ಕೊಡುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಮತ್ತೊಮ್ಮೆ ಎಬ್ಬಿಸಿ ತಿನ್ನಿಸುತ್ತಾನೆ. ‘ನೀನಿಲ್ಲಿ ಏನು ಮಾಡುತ್ತಿದ್ದೀ’ ಎಂದು ದೇವರು ಕೇಳುವುದು ಅವನು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ಹಾಗಾಗಿ ನನ್ನ ಮೊದಲ ಸಲಹೆಯೂ ಅಷ್ಟೇ ಸಾದಾ: ಡಾಕ್ಟರಿಗೆ ತೋರಿಸಿ, ಹೊತ್ತಿಗೆ ಸರಿಯಾಗಿ ಉಣ್ಣಿ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಹಸಿವು ಕೆಟ್ಟಿದ್ದರೆ ಅದನ್ನು ‘ನಂಬಿಕೆ ಕಡಿಮೆ’ ಎಂದು ತಳ್ಳಿಹಾಕಬಾರದು. ಜೀವ ಬೇಡ ಅನ್ನಿಸಿದರೆ ಯಾವ ಹೊತ್ತಿಗಾದರೂ 14416ಕ್ಕೆ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಕರೆ ಮಾಡಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನೊಂದು, ಸ್ತೋತ್ರ ಹೇಳಲು ಬಾಯಿ ಬರದಿದ್ದರೆ ಕೀರ್ತನೆ 55ನ್ನು ಜೋರಾಗಿ ಓದಿ ಎಂದೆ. ಬೈದವನು ವೈರಿಯಾಗಿದ್ದರೆ ತಾಳಿಕೊಳ್ಳುತ್ತಿದ್ದೆ, ಆದರೆ ನೀನು ನನ್ನ ಗೆಳೆಯ, ದೇವರ ಮನೆಗೆ ಜೊತೆಯಲ್ಲೇ ಹೋಗುತ್ತಿದ್ದೆವಲ್ಲ ಎಂಬ ಅಳು ಅಲ್ಲಿದೆ. ಅದನ್ನು ಓದುವಾಗ ಟೀಚರಕ್ಕ ಮೊದಲ ಸಲ ಅತ್ತರು. ತುಂಬಾ ಹೊತ್ತು ಅತ್ತರು.

‘ಬೇರೆ ಸಭೆಗೆ ಹೋಗಲಾ’ ಎಂದೂ ಕೇಳಿದರು. ನಮ್ಮ ಕಡೆ ಅದು ಸುಲಭವಲ್ಲ. 1834ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ಮಂಗಳೂರಿಗೆ ಬಂದ ಮೇಲೆ ಬೆಳೆದ ಸಭೆಗಳಲ್ಲಿ ತಲೆಮಾರುಗಳಿಂದ ಅದೇ ಮನೆಗಳು. ಅವರ ಅಪ್ಪ ಅಮ್ಮನ ಸಮಾಧಿ ಅಲ್ಲೇ ಇದೆ. ಸಭೆ ಬಿಟ್ಟರೆ ಅರ್ಧ ನೆಂಟರನ್ನೂ ಬಿಟ್ಟ ಹಾಗೆ. ಸಿಟ್ಟಿನಲ್ಲಿ ತೀರ್ಮಾನ ಬೇಡ, ಆರು ತಿಂಗಳು ಬಿಟ್ಟು ನೋಡೋಣ ಎಂದೆ.

ಆಮೇಲೆ ಮತ್ತಾಯ 18. ತಪ್ಪು ಮಾಡಿದವನ ಹತ್ತಿರ ಮೊದಲು ನೀನೊಬ್ಬನೇ ಹೋಗಿ ಹೇಳು ಎಂದು ಯೇಸು ಹೇಳಿದ್ದು. ನಾವು ಅವನೊಬ್ಬನನ್ನು ಬಿಟ್ಟು ಊರಿಗೆಲ್ಲ ಹೇಳುತ್ತೇವೆ, ಇಲ್ಲವೇ ಯಾರಿಗೂ ಹೇಳದೆ ಒಳಗೇ ಬೇಯುತ್ತೇವೆ. ಏನು ಹೇಳಬೇಕೆಂದು ಇಬ್ಬರೂ ಕೂತು ಮೂರು ಸಾಲು ಬರೆದೆವು. (ಮೈಮೇಲೆ ಕೈ ಮಾಡಿದ್ದು, ಲೈಂಗಿಕ ಕಿರುಕುಳ, ಬೆದರಿಕೆ ಇದ್ದಲ್ಲಿ ಈ ಸಲಹೆ ಕೊಡುವುದೇ ಇಲ್ಲ. ಅಲ್ಲಿ ಒಂಟಿಯಾಗಿ ಹೋಗಬಾರದು, ಪೊಲೀಸರ ದಾರಿ ಬೇರೆಯೇ ಇದೆ.)

ಹೋದರು. ಹಿರಿಯರು ಚಹಾ ಕೊಟ್ಟರಂತೆ. “ನಾನು ಲೆಕ್ಕ ಕೇಳಿದ್ದಷ್ಟೇ ಅಕ್ಕ, ನಿಮ್ಮ ಮೇಲೆ ಸಂಶಯ ಇರಲಿಲ್ಲ,” ಎಂದರಂತೆ. ಟೀಚರಕ್ಕ ಬಂದು, “ಅಷ್ಟು ಸಾಕಾಗಲಿಲ್ಲ ಮೇಡಂ,” ಎಂದರು. ಸಾಕಾಗಬೇಕಾಗಿಯೂ ಇಲ್ಲ ಎಂದೆ. ಕ್ಷಮಿಸುವುದು ಅವರಿಂದ ಆಗುವ ಕೆಲಸ, ನಿಧಾನವಾಗಿ ಆಗಲಿ. ಹಳೆಯ ನಂಬಿಕೆ ಮತ್ತೆ ಹುಟ್ಟಬೇಕಾದರೆ ಆ ಕಡೆಯವರೂ ಕೆಲಸ ಮಾಡಬೇಕು.

ಸಂಡೇ ಸ್ಕೂಲಿಗೆ ಈಗಲೇ ಮರಳಬೇಡಿ ಎಂದದ್ದು ಅವರಿಗೆ ಹಿಡಿಸಲಿಲ್ಲ. ‘ಮಕ್ಕಳ ಗತಿ?’ ಎಂದರು. ಬೆಳಗಿನಿಂದ ಸಂಜೆವರೆಗೆ ನ್ಯಾಯ ಹೇಳುತ್ತಾ ಕೂತ ಮೋಶೆಗೆ ಮಾವ ಇತ್ರೋ ‘ನೀನು ಮಾಡುವುದು ಸರಿಯಲ್ಲ, ಸೋತುಹೋಗುತ್ತೀ’ ಎಂದದ್ದನ್ನು ನೆನಪಿಸಿದೆ. 22 ವರ್ಷದಲ್ಲಿ ಒಂದು ಭಾನುವಾರವೂ ರಜೆ ಹಾಕಿರಲಿಲ್ಲ ಈ ಅಕ್ಕ. ಇಬ್ಬರು ಹುಡುಗಿಯರಿಗೆ ಪುಸ್ತಕ, ಕೀಲಿಕೈ ಒಪ್ಪಿಸಿದರು, ಗೊಣಗುತ್ತಲೇ.

ಈ ಸಲದ ಸುಗ್ಗಿ ಹಬ್ಬಕ್ಕೆ ಹೋಗಿದ್ದರು. ಹಿಂದಿನ ಬೆಂಚಿನಲ್ಲಿ ಕೂತರಂತೆ. ಏಲಂ ಬರೆಯಲು ಕರೆದಾಗ “ಈ ವರ್ಷ ನಾನು ಕೊಳ್ಳುವವಳು,” ಎಂದು 320 ರೂಪಾಯಿಗೆ ಒಂದು ಕುಂಬಳಕಾಯಿ ಕೂಗಿದರಂತೆ. ದುಡ್ಡು ಅಲ್ಲೇ ಎಣಿಸಿ ಕೊಟ್ಟು, ರಸೀದಿ ಕೇಳಿ ಪಡೆದು, ಅದನ್ನು ನನಗೆ ತಂದು ತೋರಿಸಿದರು.