ಹೂಳೆತ್ತುವ ಮುನ್ನ ಕಾಲುವೆ ನೋಡಿ

ಪ್ರಶ್ನೆ: ತುಮಕೂರು ಜಿಲ್ಲೆಯ ಸಣ್ಣ ಪಟ್ಟಣ ನಮ್ಮದು. ಮಳೆ ವಾಡಿಕೆಯಷ್ಟು ಬಂದರೂ ಊರಂಚಿನ ಕೆರೆ ಮೂರು ವರ್ಷದಿಂದ ತುಂಬಿಲ್ಲ. ಯುವಕರು, ವರ್ತಕರು ಸೇರಿ ಹಣ ಕೂಡಿಸಿದ್ದೇವೆ. ಬೇಸಿಗೆಯಲ್ಲಿ ಹೂಳೆತ್ತಿಸಿ, ಹೆಚ್ಚಾದ ನೀರು ಹೊರಹರಿಯುವ ಕೋಡಿಯನ್ನೂ ಎರಡಡಿ ಏರಿಸುವ ಯೋಚನೆಯಿದೆ. ಯಾವುದರಿಂದ ಶುರು ಮಾಡಬೇಕು?

ಉತ್ತರ: ಜೆಸಿಬಿಗೆ ಇನ್ನೂ ಮುಂಗಡ ಕೊಟ್ಟಿಲ್ಲವಾದರೆ ಸದ್ಯಕ್ಕೆ ಕೊಡಬೇಡಿ. ಹೂಳು ತುಂಬಿದ ಕೆರೆ ಬೇಗ ತುಂಬಿ ಕೋಡಿ ಬೀಳುತ್ತದೆ. ನಿಮ್ಮದು ತುಂಬುತ್ತಲೇ ಇಲ್ಲ. ತೂಬು (ಗದ್ದೆಗೆ ನೀರು ಬಿಡುವ ಕಂಡಿ), ಏರಿ (ಕೆರೆಯ ಮಣ್ಣಿನ ಕಟ್ಟೆ) ಸೋರುತ್ತಿಲ್ಲವಾದರೆ ನೀರು ದಾರಿಯಲ್ಲೇ ತಪ್ಪಿಹೋಗುತ್ತಿದೆ ಎಂದರ್ಥ.

ಸರ್ವೆ ಕಚೇರಿಯಿಂದ ಗ್ರಾಮ ನಕ್ಷೆ ಪಡೆದು, ಜೋರು ಮಳೆ ನಿಂತ ಕೂಡಲೇ ಕೆರೆಯಿಂದ ಮೇಲ್ಮುಖವಾಗಿ, ಮಳೆನೀರನ್ನು ಕೆರೆಗೆ ತರುವ ರಾಜಕಾಲುವೆಯ ಗುಂಟ ನಡೆಯಿರಿ. ಕಾಲುವೆಯನ್ನು ಹೊಲಕ್ಕೆ ಸೇರಿಸಿಕೊಂಡದ್ದು, ಲೇಔಟ್‌ನವರು ಮಣ್ಣು ಸುರಿದದ್ದು, ರಸ್ತೆಯಡಿ ಮೋರಿ ಹೂತದ್ದು ಆಗಲೇ ಕಣ್ಣಿಗೆ ಬೀಳುವುದು. ಮೋರಿಯನ್ನು ಅಳೆಯಿರಿ. ಮೂರಡಿ ಪೈಪಿದ್ದಲ್ಲಿ ಎರಡಡಿಯದು ಹಾಕಿದ್ದರೆ ನೀರು ಹಾಯುವ ಜಾಗ ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ.

ಒತ್ತುವರಿಯನ್ನು ನೀವೇ ಕಿತ್ತುಹಾಕಲು ಹೋಗಬೇಡಿ. ಜಗಳ ಊರಿಗೆ ಹಬ್ಬಿ ಕೆಲಸವೇ ನಿಲ್ಲುತ್ತದೆ. ಕೆರೆ, ಕಾಲುವೆಗಳ ಸರ್ವೆ ನಂಬರು ಬರೆದು, ಅಳತೆ ಮಾಡಿ ಹದ್ದುಬಸ್ತು ಮಾಡಿಕೊಡುವಂತೆ, ಅಂದರೆ ಗಡಿ ಗುರುತಿಸಿ ಕಲ್ಲು ನೆಡುವಂತೆ, ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 104ನೇ ಸೆಕ್ಷನ್ ಪ್ರಕಾರ ತೆರವು ಮಾಡಿಸುವ ಅಧಿಕಾರ ಕಂದಾಯ ಅಧಿಕಾರಿಗಳದು. ಕಲ್ಲು ನೆಡುವ ದಿನ ಹಾಜರಿದ್ದು ಪ್ರತಿ ಕಲ್ಲಿನ ಫೋಟೊ ತೆಗೆದಿಡಿ. ರಾತ್ರೋರಾತ್ರಿ ನಡೆದಾಡುವ ಕಲ್ಲುಗಳಿಗೆ ಅದೊಂದೇ ಮದ್ದು!

ಹೂಳಿನ ಕೆಲಸ ಆಮೇಲೆ. ಅಚ್ಚುಕಟ್ಟು (ಕೆರೆಯ ನೀರುಣ್ಣುವ ಜಮೀನು) 40 ಹೆಕ್ಟೇರ್ ಮೀರಿದ ಕೆರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕದು ಪಂಚಾಯಿತಿಯದು. ಪಟ್ಟಣದೊಳಗಿದ್ದರೆ ಪುರಸಭೆಯಲ್ಲೂ ವಿಚಾರಿಸಿ. ಲಿಖಿತ ಅನುಮತಿ ಇಲ್ಲದೆ ಒಂದು ಬುಟ್ಟಿ ಮಣ್ಣನ್ನೂ ಸಾಗಿಸಬೇಡಿ.

ಮೊದಲು ಕೆರೆಯಂಗಳದ ನಾಲ್ಕಾರು ಕಡೆ ಗುಂಡಿ ತೋಡಿ ಹೂಳು ಎಷ್ಟು ಆಳಕ್ಕಿದೆ ನೋಡಿ. ಕಪ್ಪು ಗೋಡು (ಹೂಳುಮಣ್ಣು) ಮುಗಿದು ಗರಸೋ ಮರಳೋ ಕಂಡರೆ ಅಲ್ಲಿಗೆ ನಿಲ್ಲಿಸಿ; ಅದನ್ನೂ ಬಗೆದರೆ ನೀರು ನಿಲ್ಲದೆ ಇಂಗಿಹೋಗುತ್ತದೆ. ಏರಿಯ ಬುಡದಿಂದ ಕನಿಷ್ಠ 10 ಮೀಟರ್ ಮುಟ್ಟಬೇಡಿ, ಏರಿ ಎತ್ತರವಾಗಿದ್ದರೆ ಇನ್ನೂ ಹೆಚ್ಚು ಬಿಡಿ. ಎಷ್ಟೆಂಬುದನ್ನು ಎಂಜಿನಿಯರ್ ಗುರುತು ಹಾಕಿಕೊಡಲಿ. ಗೋಡು ಬೇಕೆನ್ನುವ ರೈತರ ಪಟ್ಟಿ ಮೊದಲೇ ಸಿದ್ಧವಿರಲಿ. ಒಂದೆಕರೆಗೆ ಒಂದಂಗುಲ ದಪ್ಪ ಹರಡಲು ಸುಮಾರು 100 ಘನ ಮೀಟರ್, ಅಂದರೆ 3 ಘನ ಮೀಟರ್ ಹಿಡಿಸುವ ಟ್ರೇಲರಿನಲ್ಲಿ 34 ಲೋಡು ಬೇಕು. ದಂಡೆಯ ಮೇಲೆ ಗುಡ್ಡೆ ಹಾಕಿದರೆ ಮೊದಲ ಮಳೆಗೇ ವಾಪಸ್ ಕೆರೆ ಸೇರುತ್ತದೆ.

ಇನ್ನು ಕೋಡಿ. ತುಂಬದ ಕೆರೆಗೆ ಎತ್ತರದ ಕೋಡಿ ಏಕೆ? ಕೋಡಿಗೂ ಏರಿಯ ನೆತ್ತಿಗೂ ನಡುವಿನ ಅಂತರವೇ ದೊಡ್ಡ ಮಳೆಯಲ್ಲಿ ಏರಿಯನ್ನು ಕಾಯುವುದು. ಅದರಲ್ಲಿ ಎರಡಡಿ ಕಳೆದರೆ ನೀರು ಏರಿ ಹತ್ತುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹರಿದರೆ ಕೆಲವೇ ಗಂಟೆಗಳಲ್ಲಿ ಒಡೆಯಬಹುದು. ಮೇಲಿನ ಜಮೀನು ಮುಳುಗಿ, ನಿಮ್ಮ ಕೋಡಿಯ ನೀರು ಹರಿದು ಸೇರುವ ಕೆಳಗಿನ ಕೆರೆಯವರ ಪಾಲೂ ತಪ್ಪುತ್ತದೆ. ಮೀನಿಗೆಂದು ಕೋಡಿಗೆ ಕಟ್ಟುವ ಬಲೆಯಿಂದಲೂ ಇದೇ ಅಪಾಯ: ಕಸ ಸಿಕ್ಕಿ ಅದೇ ಗೋಡೆಯಾಗುತ್ತದೆ.

ಏರಿಯ ಮೇಲಿನ ಜಾಲಿ ಪೊದೆಯನ್ನು ಬುಡಕ್ಕೆ ಕತ್ತರಿಸಿ, ಬೇರು ಕೀಳಬೇಡಿ. ಕೆರೆ ತುಂಬಿದಾಗ ಏರಿಯ ಹಿಂಬದಿ ವಾರಕ್ಕೊಮ್ಮೆ ನಡೆಯಿರಿ. ತಿಳಿನೀರು ಜಿನುಗಿದರೆ ಅಲ್ಲಿ ಗೂಟ ನೆಟ್ಟು, ಜಿನುಗು ಹೆಚ್ಚುತ್ತಿದೆಯೇ ಎಂದು ಗಮನಿಸಿ. ಕೆಸರು ನೀರು ಬಂದರೆ ಒಳಗಿನಿಂದ ಮಣ್ಣು ಕೊಚ್ಚುತ್ತಿದೆ, ಅದೇ ದಿನ ಎಂಜಿನಿಯರ್‌ಗೆ ತಿಳಿಸಿ.