ಕ್ಯಾಮೊಮೈಲ್ ತೈಲ: ಊರು ಬದಲಾದರೆ ಗುಣವೂ ಬದಲಾಗುತ್ತದೆಯೇ?

ಪ್ರಶ್ನೆ: ಮನೆಯಲ್ಲಿಯೇ ಸೋಪು ತಯಾರಿಸುವ ನಾನು ಈಚೆಗೆ ಎರಡು ಸೀಸೆ ಕ್ಯಾಮೊಮೈಲ್ ಸುಗಂಧ ತೈಲ ಕೊಂಡೆ. ಈಜಿಪ್ಟಿನದು ಕಡು ನೀಲಿ. ಇಂಗ್ಲೆಂಡಿನದು ತಿಳಿ ಹಳದಿ. ವಾಸನೆಯೂ ಬೇರೆ ಬೇರೆ. ಬೆಳೆದ ಪ್ರದೇಶದಿಂದ ಇಷ್ಟು ವ್ಯತ್ಯಾಸ ಬರುವುದುಂಟೇ, ಅಥವಾ ಒಂದು ಕಲಬೆರಕೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಸೀಸೆಗಳ ವ್ಯತ್ಯಾಸಕ್ಕೆ ಪ್ರದೇಶ ಕಾರಣವಲ್ಲ, ಬಹುಮಟ್ಟಿಗೆ ಅವು ಎರಡು ಬೇರೆ ಗಿಡಗಳ ತೈಲಗಳು. ನೀಲಿಯದು ಜರ್ಮನ್ ಕ್ಯಾಮೊಮೈಲ್ ಎನ್ನುವ ವಾರ್ಷಿಕ ಗಿಡದ್ದು (ಮಾಟ್ರಿಕೇರಿಯಾ ಕ್ಯಾಮೊಮಿಲ್ಲಾ), ಹಳದಿಯದು ರೋಮನ್ ಕ್ಯಾಮೊಮೈಲ್ ಎನ್ನುವ ಬಹುವಾರ್ಷಿಕ ಗಿಡದ್ದು (ಕ್ಯಾಮೆಮೆಲಮ್ ನೊಬಿಲೆ). ಎರಡೂ ಸೇವಂತಿಗೆಯ ಕುಟುಂಬದವೇ ಆದರೂ ರೋಮನ್ ತೈಲದಲ್ಲಿ ಏಂಜೆಲಿಕ್ ಆಮ್ಲದ ಎಸ್ಟರುಗಳೇ (ಆಮ್ಲ ಮತ್ತು ಆಲ್ಕೋಹಾಲ್ ಸೇರಿ ಆಗುವ ಸಂಯುಕ್ತಗಳು) ಪ್ರಧಾನವಾಗಿರುವುದರಿಂದ ಅದಕ್ಕೆ ಸೇಬಿನಂತಹ ಪರಿಮಳವಿರುತ್ತದೆ.

ಪ್ರದೇಶದ ಪ್ರಶ್ನೆ ನಿಜವಾಗಿ ಏಳುವುದು ಜರ್ಮನ್ ಕ್ಯಾಮೊಮೈಲಿನೊಳಗೆ. ಅದರ ತೈಲದಲ್ಲಿ ಬಿಸಬೊಲಾಲ್, ಬಿಸಬೊಲಾಲ್ ಆಕ್ಸೈಡ್ ಎ ಮತ್ತು ಬಿ, ಬಿಸಬೊಲೋನ್ ಆಕ್ಸೈಡ್, ಫಾರ್ನೆಸೀನ್, ಕ್ಯಾಮಜುಲೀನ್ ಮುಖ್ಯ ಘಟಕಗಳು. ಇವುಗಳಲ್ಲಿ ಯಾವುದು ಮೇಲುಗೈ ಪಡೆಯುತ್ತದೆ ಎಂಬುದರ ಮೇಲೆ ಈ ಗಿಡವನ್ನು ರಾಸಾಯನಿಕ ಪ್ರಕಾರಗಳಾಗಿ ವಿಂಗಡಿಸಲಾಗಿದೆ. ಈಜಿಪ್ಟಿನ ಸರಕಿನಲ್ಲಿ ಸಾಮಾನ್ಯವಾಗಿ ಆಕ್ಸೈಡ್ ಎ, ಅರ್ಜೆಂಟೀನಾದ್ದರಲ್ಲಿ ಆಕ್ಸೈಡ್ ಬಿ, ಟರ್ಕಿಯ ಕೆಲವು ಗಿಡಗಳಲ್ಲಿ ಬಿಸಬೊಲೋನ್ ಆಕ್ಸೈಡ್, ಸ್ಪೇನಿನ ಕೆಟಲೋನಿಯಾದ ಗಿಡಗಳಲ್ಲಿ ಬಿಸಬೊಲಾಲ್ ಹೆಚ್ಚು. ಯುರೋಪಿನ ಔಷಧ ಮಾನಕ ಗ್ರಂಥವೂ ಒಂದೇ ಅಳತೆಗೋಲಿಗೆ ಜೋತುಬಿದ್ದಿಲ್ಲ: ಬಿಸಬೊಲಾಲ್ ಆಕ್ಸೈಡುಗಳು ಶೇ. 29ರಿಂದ 81ರವರೆಗೆ ಇರುವ ತೈಲವನ್ನೂ, ಬಿಸಬೊಲಾಲ್ ಶೇ. 10ರಿಂದ 65ರವರೆಗೆ ಇರುವ ತೈಲವನ್ನೂ ಎರಡು ಪ್ರತ್ಯೇಕ ಬಗೆಗಳೆಂದು ಅದು ಒಪ್ಪುತ್ತದೆ.

ಆದರೆ ಇದನ್ನು ಮಣ್ಣಿನ ಮಹಿಮೆ ಎಂದುಕೊಂಡರೆ ದಾರಿ ತಪ್ಪಿದಂತೆ. ಯಾವ ಘಟಕ ಪ್ರಧಾನವಾಗಬೇಕೆಂಬುದು ಮುಖ್ಯವಾಗಿ ಬೀಜದಲ್ಲಿಯೇ ನಿರ್ಧಾರವಾಗಿರುತ್ತದೆ. ಹವೆ, ನೀರು, ಹೂ ಬಿಡಿಸುವ ಹಂತ, ಒಣಗಿಸುವ ಕ್ರಮ ಇವೆಲ್ಲ ಆ ಘಟಕಗಳ ಪ್ರಮಾಣವನ್ನೂ ಒಟ್ಟು ಇಳುವರಿಯನ್ನೂ ಏರಿಳಿಸುತ್ತವೆ. ಒಂದು ಸೀಮೆಯಲ್ಲಿ ತಲೆಮಾರುಗಳಿಂದ ಒಂದೇ ಪ್ರಕಾರದ ಗಿಡ ಬೀಜ ಉದುರಿಸಿ ಬೆಳೆದಿದ್ದರಿಂದ ಅದು ಆ ಊರಿನ ಗುಣವೆಂಬಂತೆ ಕಂಡಿತು, ಅಷ್ಟೆ. ಸ್ಲೊವಾಕಿಯಾದ ಬೋನಾ, ನಮ್ಮ ಲಖನೌದ ಸೀಮ್ಯಾಪ್ ಎಂಬ ಔಷಧಿ ಹಾಗೂ ಸುಗಂಧ ಸಸ್ಯಗಳ ಸಂಶೋಧನಾ ಸಂಸ್ಥೆಯ ವಲ್ಲರಿ ಮುಂತಾದ ಅಭಿವೃದ್ಧಿಪಡಿಸಿದ ತಳಿಗಳು ಬಂದ ಮೇಲಂತೂ ದೇಶದ ಹೆಸರಿಗಿಂತ ತಳಿಯ ಹೆಸರೇ ಹೆಚ್ಚು ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಇನ್ನು ಬಣ್ಣದ ವಿಚಾರ. ತೈಲಕ್ಕೆ ನೀಲಿ ಬಣ್ಣ ಕೊಡುವ ಕ್ಯಾಮಜುಲೀನ್ ಹೂವಿನಲ್ಲಿ ಸಿದ್ಧವಾಗಿ ಇರುವುದೇ ಇಲ್ಲ! ಹೂವಿನಲ್ಲಿರುವ ಮಾಟ್ರಿಸಿನ್ ಎಂಬ ಬಣ್ಣವಿಲ್ಲದ ವಸ್ತು ಆವಿಯಲ್ಲಿ ಬಟ್ಟಿ ಇಳಿಸುವಾಗ ಒಡೆದು ಕ್ಯಾಮಜುಲೀನ್ ಆಗುತ್ತದೆ. ಹೀಗಾಗಿ ಒಂದೇ ಹೊಲದ ಹೂವಿನಿಂದಲೂ ಬಟ್ಟಿಯ ಅವಧಿ ಬದಲಾದರೆ ಬೇರೆ ಬಣ್ಣದ, ಬೇರೆ ಸಂಯೋಜನೆಯ ತೈಲ ಬರಬಹುದು. ಹೂವಿನೊಡನೆ ಕಾಂಡ, ಎಲೆ ಹೆಚ್ಚು ಬೆರೆತರೂ ನೀಲಿ ತಗ್ಗುತ್ತದೆ. ಗಾಳಿ, ಬೆಳಕಿಗೆ ತೆರೆದಿಟ್ಟ ತೈಲ ನೀಲಿಯಿಂದ ಹಸಿರಿಗೆ, ಆಮೇಲೆ ಕಂದಿಗೆ ತಿರುಗುತ್ತದೆ.

ಕಲಬೆರಕೆಯನ್ನು ಬಣ್ಣದಿಂದ ಪತ್ತೆ ಮಾಡಲಾಗದು. ಕೃತಕ ಬಿಸಬೊಲಾಲ್ ಬೆರೆಸಿದ್ದರೆ ಮಾತ್ರ ಒಂದು ಸುಳಿವು ಸಿಗುತ್ತದೆ: ಹೂವಿನ ಬಿಸಬೊಲಾಲ್ ಧ್ರುವೀಕೃತ ಬೆಳಕನ್ನು (ಒಂದೇ ಸಮತಲದಲ್ಲಿ ಕಂಪಿಸುವ ಬೆಳಕು) ಎಡಕ್ಕೆ ತಿರುಗಿಸುವ ಒಂದೇ ರೂಪದ್ದು, ಕೃತಕದ್ದು ಸಾಮಾನ್ಯವಾಗಿ ಹಲವು ರೂಪಗಳ ಮಿಶ್ರಣ. ಮಾರಾಟಗಾರರಿಂದ ಗಿಡದ ಪೂರ್ಣ ಸಸ್ಯಶಾಸ್ತ್ರೀಯ ಹೆಸರನ್ನೂ ನೀವು ಕೊಂಡ ಅದೇ ಬ್ಯಾಚಿನ ಗ್ಯಾಸ್ ಕ್ರೊಮಟೋಗ್ರಫಿ (ತೈಲದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ವರದಿಯನ್ನೂ ಕೇಳಿ ಪಡೆಯಿರಿ. ನೀಲಿ ಸೀಸೆಯ ವರದಿಯಲ್ಲಿ ಆಕ್ಸೈಡ್ ಎ ಎಲ್ಲಕ್ಕಿಂತ ಮೇಲಿದ್ದರೆ, ಅದು ಈಜಿಪ್ಟಿನ ಹೂವಿನದೆಂಬ ಮಾತಿಗೆ ಹೊಂದುತ್ತದೆ.